ಪಸ್ ಮಾತ್ ಮಾಡಲು ಹೋಗಿ ಒಂದು ಕಡ್ಡಿ ಬಿಟ್ಟೆ

ನಮ್ಮೂರು ಬಳ್ಳಾರಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಟಪಾಲು ತಂದದ್ದು ಪಸ್ ಮಾತ್ ವಿಮಾನದಲ್ಲಿ. ಅಲ್ಲಿಂದ ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಆ ಟಪಾಲನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಮಾದರಿ ವಿಮಾನ ಮಾಡುವ ಹುಚ್ಚು ಹಿಡಿದ ಬಳ್ಳಾರಿಯವನಿಗೆ ಇದಕ್ಕಿಂತ ಬೇರೆ ನೆಪ ಬೇಕೆ?

ಅಡಿಗೆ ಒಂದು ಅಂಗುಲದ ಲೆಕ್ಕ ಹಿಡಿದೆ. ಅಸಲು ವಿಮಾನದ ರೆಕ್ಕೆಯ ಹರವು 36 ಅಡಿ 9 ಅಂಗುಲ. ನನ್ನದು ಮುಕ್ಕಾಲು ಅಂಗುಲ ಕೂಡಿದ 36 ಅಂಗುಲ. ಉದ್ದ 25 ಅಂಗುಲ. ಬಾಲ್ಸಾ ಎಂಬ ಹಗುರ ಮರದ ಕಡ್ಡಿಗಳನ್ನು ನಕ್ಷೆಯ ಮೇಲೆ ಗುಂಡುಸೂಜಿಯಿಂದ ನಿಲ್ಲಿಸಿ ಅಂಟಿಸುವಾಗ, ಲಂಡನ್ನಿನ ಉತ್ತರಕ್ಕಿದ್ದ ಸ್ಟ್ಯಾಗ್ ಲೇನ್ ಕಾರ್ಖಾನೆಯಲ್ಲಿ ಇದೇ ಚೌಕಟ್ಟನ್ನು ಉಕ್ಕಿನ ಕೊಳವೆಗಳಿಂದ ಬೆಸೆದು ಬಟ್ಟೆ ಹೊದಿಸುತ್ತಿದ್ದರೆಂಬುದು ನೆನಪಾಗುತ್ತಿತ್ತು. ಆ ಕಂಪನಿಯ ಸ್ಥಾಪಕ ಜೆಫ್ರಿ ಡಿ ಹ್ಯಾವಿಲೆಂಡ್‌ಗೆ ಪತಂಗಗಳೆಂದರೆ ಪ್ರಾಣ. ಆ ಸರಣಿಯ ವಿಮಾನಗಳಿಗೆಲ್ಲ ‘ಮಾತ್’, ಅಂದರೆ ಪತಂಗ, ಎಂಬ ಹೆಸರು ಬಂದದ್ದು ಅದರಿಂದ.

ಮೂತಿ ಮಾಡುವಾಗ ಖುಷಿಯಾಯಿತು. ಅಸಲು ವಿಮಾನದ 120 ಅಶ್ವಶಕ್ತಿಯ ಜಿಪ್ಸಿ 3 ಎಂಜಿನ್ ತಲೆಕೆಳಗು. ಸಿಲಿಂಡರ್‌ಗಳು ಕೆಳಕ್ಕೆ ನೇತಾಡುತ್ತವೆ, ಪಂಖದ ದಂಡ ಮೇಲೆ ಇರುತ್ತದೆ. ಪೈಲಟ್‌ನ ಕಣ್ಣಿಗೆ ಅಡ್ಡವಿಲ್ಲ. ನನ್ನ ಪುಟ್ಟ ವಿದ್ಯುತ್ ಮೋಟಾರನ್ನೂ ಮೇಲೆಯೇ ಕೂರಿಸಿದೆ. ಸಿಲಿಂಡರ್‌ಗಳ ಜಾಗ ಖಾಲಿ ಉಳಿಯಿತಲ್ಲ, ಬ್ಯಾಟರಿ ಅಲ್ಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಮೂತಿಗೆ ಸೀಸದ ತುಂಡು ಸೇರಿಸುವ ಕೆಲಸವೇ ತಪ್ಪಿತು. ಅಸಲಿನಲ್ಲಿ ರೆಕ್ಕೆಗಳನ್ನು ಹಿಂದಕ್ಕೆ ಮಡಚಬಹುದಿತ್ತು. ಆ ಸಾಹಸಕ್ಕೆ ನಾನು ಕೈಹಾಕಲಿಲ್ಲ.

ಇನ್ನು ಕಡ್ಡಿಯ ವಿಷಯ. ರೆಕ್ಕೆಯಿಂದ ಒಡಲಿನ ಬುಡಕ್ಕೆ ಓರೆಯಾಗಿ ಇಳಿಯುವ ಆಸರೆಗಳಿಗೆ ಸ್ಟ್ರಟ್ ಎನ್ನುತ್ತೇವೆ. ನಕ್ಷೆಯಲ್ಲಿ ಮುಂದಿನ ಸ್ಟ್ರಟ್‌ಗೆ ಇನ್ನೊಂದು ಗಿಡ್ಡ ಕಡ್ಡಿ ತಗುಲಿಸಿತ್ತು. ಅಲಂಕಾರವೆಂದುಕೊಂಡು ಬಿಟ್ಟೆ. ತೂಕ ಎರಡು ಗ್ರಾಂ ಉಳಿಯಿತೆಂದು ಬೀಗಿದ್ದೂ ಉಂಟು.

ಒಟ್ಟು 410 ಗ್ರಾಂ ತೂಗಿತು. ಮೊದಲ ಮೂರು ಹಾರಾಟ ಬೆಳಗಿನ ಜಾವದ ನಿಶ್ಚಲ ಗಾಳಿಯಲ್ಲಿ ಸೊಗಸಾಗಿ ಮುಗಿದವು. ನಾಲ್ಕನೆಯದನ್ನು ಬಿಸಿಲೇರಿದ ಮೇಲೆ ಹಾರಿಸಿದೆ. ಬಳ್ಳಾರಿಯ ಬಿಸಿಲಿಗೆ ನೆಲದಿಂದ ಏಳುವ ಗಾಳಿ ಹೇಗೆಂದು ನಾನು ಹೇಳಬೇಕಿಲ್ಲ. ಎಡರೆಕ್ಕೆ ಒಮ್ಮೆ ಪಟಪಟನೆ ಅದುರಿತು, ತಿರುಚಿಕೊಂಡಿತು, ಮುಗಿಯಿತು.

ಚೂರುಗಳನ್ನು ಆಯ್ದು ನೋಡಿದರೆ ಮುಂದಿನ ಸ್ಟ್ರಟ್ ನಡುಮಧ್ಯಕ್ಕೇ ಮುರಿದಿತ್ತು. ರೆಕ್ಕೆ ಮೇಲಕ್ಕೆ ಎಳೆಯುವಾಗ ಸ್ಟ್ರಟ್‌ಗೆ ದಾರದ ಕೆಲಸ. ಆಗ ತೆಳ್ಳಗಿದ್ದರೂ ತಡೆಯುತ್ತದೆ. ಮೇಲಿನಿಂದ ಗಾಳಿ ಬಡಿದರೆ ಅದೇ ಸ್ಟ್ರಟ್ ಕಂಬದಂತೆ ಭಾರ ಹೊರಬೇಕು. ತೆಳ್ಳಗಿನ ಕಂಬ ನಡುವೆ ಬಾಗದೆ ಇರುತ್ತದೆಯೇ?

ಅನಂತರ ಇತಿಹಾಸ ಓದಿದೆ. ಮೊದಲೇ ಓದಬೇಕಿತ್ತು. 1930ರಿಂದ ಹಲವು ಪಸ್ ಮಾತ್‌ಗಳು ಹಾರಾಟದಲ್ಲೇ ರೆಕ್ಕೆ ಮುರಿದು ಬಿದ್ದು ಜನ ಸತ್ತಿದ್ದರು. ದೀರ್ಘ ತನಿಖೆಯ ಬಳಿಕ, ಕದಡಿದ ಗಾಳಿಯಲ್ಲಿ ರೆಕ್ಕೆ ಮುರಿಯಬಹುದೆಂದು ಗೊತ್ತಾಗಿ, ಮುಂದಿನ ಸ್ಟ್ರಟ್ ಗಟ್ಟಿಗೊಳಿಸಲು ಆ ಗಿಡ್ಡ ಕಡ್ಡಿ ಸೇರಿಸಿದರು. ಇದೇ ಬಗೆಯ ವಿಮಾನದಲ್ಲಿ ಬ್ರಿಟಿಷ್ ಪೈಲಟ್ ಜಿಮ್ ಮೊಲಿಸನ್ 1932ರ ಆಗಸ್ಟ್‌ನಲ್ಲಿ ಒಬ್ಬರೇ ಪೂರ್ವದಿಂದ ಪಶ್ಚಿಮಕ್ಕೆ ಅಟ್ಲಾಂಟಿಕ್ ದಾಟಿದ್ದರು ಎಂಬುದನ್ನು ಓದುವಾಗ ಈಗ ಬೆನ್ನು ತಣ್ಣಗಾಗುತ್ತದೆ.

ಎರಡನೆಯ ಸಲ ಮಾಡಿದ ರೆಕ್ಕೆಯ ಸ್ಟ್ರಟ್‌ಗೆ ಬಿದಿರಿನ ಸೀಳು ಹಾಕಿದೆ, ಗಿಡ್ಡ ಕಡ್ಡಿಯನ್ನು ಎರಡೂ ತುದಿಗೆ ದಾರ ಸುತ್ತಿ ಅಂಟಿಸಿದೆ. 414 ಗ್ರಾಂ. ಈಗ ಹನ್ನೊಂದು ಗಂಟೆಯ ಬಿಸಿಲಿಗೂ ಹಾರಿಸುತ್ತೇನೆ, ಆದರೆ ಕಣ್ಣು ಮಾತ್ರ ಎಡರೆಕ್ಕೆಯ ಮೇಲೇ ಇರುತ್ತದೆ.