ಐಪೀಸ್ ಕೊಳ್ಳುವ ಮುನ್ನ ಒಂದು ಭಾಗಾಕಾರ

ಹೊಸ ದೂರದರ್ಶಕ ಬಂದ ರಾತ್ರಿ ಬಹುತೇಕರು ಮಾಡುವ ಕೆಲಸ ಒಂದೇ: ಪೆಟ್ಟಿಗೆಯಲ್ಲಿರುವ ಅತಿ ಚಿಕ್ಕ ಐಪೀಸನ್ನು (ಕಣ್ಣಿಟ್ಟು ನೋಡುವ, ಬದಲಿಸಬಹುದಾದ ಮಸೂರದ ತುಂಡನ್ನು) ಸಿಕ್ಕಿಸಿ ಶನಿಯನ್ನು ಹುಡುಕುವುದು. ಶನಿ ಸಿಗುವುದಿಲ್ಲ. ಸಿಕ್ಕರೂ ನೀರಿನಡಿಯ ನಾಣ್ಯದಂತೆ ನಡುಗುತ್ತದೆ. ವಾರ ಕಳೆಯುವುದರೊಳಗೆ ಉಪಕರಣ ಅಟ್ಟ ಸೇರುತ್ತದೆ. ತಪ್ಪು ದೂರದರ್ಶಕದ್ದಲ್ಲ.

ಮೊದಲು ಐಪೀಸ್ ಕೂರುವ ಕೊಳವೆಯ ಬಾಯನ್ನು ಅಳೆಯಿರಿ. 1.25 ಇಂಚು ಇದ್ದರೆ ಸರಿ, ಅದೇ ಈಗಿನ ರೂಢಿ. 0.965 ಇಂಚಿನದಾದರೆ ಅಡಾಪ್ಟರ್ ಬೇಕು.

ಮುಂದೆ ಭಾಗಾಕಾರ. ದೂರದರ್ಶಕದ ಸಂಗಮದೂರವನ್ನು (ಫೋಕಲ್ ಲೆಂಗ್ತ್, ಅಂದರೆ ಮಸೂರ ಅಥವಾ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಬಿಂದುವಿನವರೆಗಿನ ದೂರ) ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 70 ಮಿ.ಮೀ. ವ್ಯಾಸ, 700 ಮಿ.ಮೀ. ಸಂಗಮದೂರದ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 28 ಪಟ್ಟು, 10 ಮಿ.ಮೀ. ಹಾಕಿದರೆ 70 ಪಟ್ಟು.

ಮೊದಲ ಖರೀದಿ 25 ಅಥವಾ 32 ಮಿ.ಮೀ. ಪ್ಲೋಸಲ್ ಆಗಿರಲಿ; ಇದರಲ್ಲಿ ಚರ್ಚೆಯೇ ಬೇಡ. ನಾಲ್ಕು ಮಸೂರಗಳ ಈ ವಿನ್ಯಾಸ 1860ರಷ್ಟು ಹಳೆಯದು, ಇಂದಿಗೂ ನಂಬಿಕಸ್ಥ. 28 ಪಟ್ಟಿನಲ್ಲಿ ಮೂರು ಹುಣ್ಣಿಮೆ ಚಂದ್ರರು ಸಾಲಾಗಿ ಹಿಡಿಸುವಷ್ಟು ಆಕಾಶ ಕಾಣುತ್ತದೆ, ಕೃತ್ತಿಕೆಯ ಪ್ರಮುಖ ನಕ್ಷತ್ರಗಳೆಲ್ಲ ಒಟ್ಟಿಗೆ ಸಿಗುತ್ತವೆ. 40 ಮಿ.ಮೀ. ಇನ್ನೂ ಹೆಚ್ಚು ತೋರಿಸೀತು ಎಂಬ ಆಸೆ ಬೇಡ. 1.25 ಇಂಚಿನ ಕೊಳವೆಯೇ ಅಡ್ಡ ಬರುವುದರಿಂದ 32ಕ್ಕಿಂತ ಹೆಚ್ಚು ಆಕಾಶ ಅದರಲ್ಲಿ ದಕ್ಕುವುದಿಲ್ಲ.

ಜನ ಎಡವುವುದು ಹೆಚ್ಚಿನ ವರ್ಧನೆಯ ಐಪೀಸಿನಲ್ಲಿ. ಮಿ.ಮೀ.ಗಳಲ್ಲಿ ದೂರದರ್ಶಕದ ವ್ಯಾಸ ಎಷ್ಟಿದೆಯೋ ಅದರ ಎರಡರಷ್ಟೇ ವರ್ಧನೆಯ ಮಿತಿ. 60 ಮಿ.ಮೀ.ಗೆ 120 ಪಟ್ಟು. ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದಿರುತ್ತದಲ್ಲ, ಅದು 700 ಮಿ.ಮೀ. ಸಂಗಮದೂರಕ್ಕೆ 4 ಮಿ.ಮೀ. ಐಪೀಸು ಹಾಕಿ, 3 ಪಟ್ಟಿನ ಪ್ಲಾಸ್ಟಿಕ್ ಬಾರ್ಲೋ (ಐಪೀಸಿನ ಮುಂದೆ ಸೇರಿಸಿ ವರ್ಧನೆ ಹೆಚ್ಚಿಸುವ ಮಸೂರ) ಸೇರಿಸಿ ಮಾಡಿದ ಲೆಕ್ಕ. ಗಣಿತ ಸರಿ, ಕಾಣುವುದು ಮಸುಕು. ಅಷ್ಟಕ್ಕೂ ಗಾಳಿಯ ಕದಲಿಕೆ ಹೆಚ್ಚಿದ ರಾತ್ರಿಗಳಲ್ಲಿ ಆ 120 ಕೂಡ ದಕ್ಕುವುದಿಲ್ಲ.

ಇನ್ನೊಂದು ಲೆಕ್ಕ ಮಾಡಿ. ಸಂಗಮದೂರವನ್ನು ವ್ಯಾಸದಿಂದ ಭಾಗಿಸಿ. 700ಕ್ಕೆ 70 ಅಂದರೆ 10. ಐಪೀಸಿನ ಮಿ.ಮೀ.ಯನ್ನು ಈ 10ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ತಿಳಿಯುತ್ತದೆ. 10 ಮಿ.ಮೀ. ಐಪೀಸಿಗೆ 1 ಮಿ.ಮೀ.; 5 ಮಿ.ಮೀ.ಗೆ ಅರ್ಧ. ಅರ್ಧಕ್ಕಿಂತ ಕೆಳಗಿಳಿದರೆ ಚಿತ್ರ ಮಂಕಾಗುತ್ತದೆ, ನಿಮ್ಮ ಕಣ್ಣೊಳಗೆ ತೇಲುವ ಎಳೆಗಳೇ ಗುರುಗ್ರಹದ ಮೇಲೆ ಓಡಾಡುತ್ತವೆ. 1 ಮಿ.ಮೀ.ಯ ಆಸುಪಾಸಿನಲ್ಲಿ ಇರುವವರು ಸುಖಿಗಳು. ಹಾಗಾಗಿ ಈ ದೂರದರ್ಶಕಕ್ಕೆ ಎರಡನೆಯ ಖರೀದಿ 10 ಮಿ.ಮೀ. ಐಪೀಸ್.

ಕನ್ನಡಕದವರು ಇದನ್ನೂ ಗಮನಿಸಬೇಕು. ಪ್ಲೋಸಲ್ ಚಿಕ್ಕದಾದಷ್ಟೂ ಕಣ್ಣನ್ನು ಅದಕ್ಕೆ ಹತ್ತಿರ ಒತ್ತಬೇಕು, 6 ಮಿ.ಮೀ.ಯದರಲ್ಲಿ ರೆಪ್ಪೆಗೂದಲು ಗಾಜನ್ನು ಸವರುತ್ತದೆ. ಸಮೀಪದೃಷ್ಟಿ ಮಾತ್ರ ಇದ್ದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿದರೆ ಸಾಕು. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮನಾಗಿರದ ದೋಷ) ಇದ್ದವರಿಗೆ ಕನ್ನಡಕ ಬೇಕಾಗುವುದು ಮುಖ್ಯವಾಗಿ ಕಡಿಮೆ ವರ್ಧನೆಯಲ್ಲಿ. ಬೆಳಕಿನ ಕಂಬ ತೆಳುವಾದಂತೆ ಆ ದೋಷವೂ ಅಡಗುತ್ತದೆ.

ಮೂರನೆಯ ಖರೀದಿ ಗಾಜಿನ ಮಸೂರವಿರುವ 2 ಪಟ್ಟಿನ ಬಾರ್ಲೋ. 25 ಇದರಿಂದ 12.5 ಆಗುತ್ತದೆ, 10 ಹೋಗಿ 5. 20 ಮತ್ತು 10 ಎರಡನ್ನೂ ಕೊಂಡವರು ಬಾರ್ಲೋ ಹಾಕಿದಾಗ ಮತ್ತೊಂದು 10 ಪಡೆದು ಪೆಚ್ಚಾಗುತ್ತಾರೆ. ಜೂಮ್ ಐಪೀಸ್ ಚಂದ್ರನಿಗೆ ಮೋಜೇ ಸರಿ. ಆದರೆ 8–24 ಮಿ.ಮೀ.ಯ ಅಗ್ಗದ ಜೂಮ್, ವಿಶಾಲ ನೋಟ ಬೇಕಾದ 24ರಲ್ಲೇ ಕಿಂಡಿಯಂತೆ ಕಿರಿದಾಗುತ್ತದೆ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಪೆಟ್ಟಿಗೆಯಲ್ಲಿ ಬರುವ, ‘ಎಸ್‌ಆರ್ 4’ ಎಂದು ಬರೆದ 4 ಮಿ.ಮೀ.ಯ ಉಚಿತ ಐಪೀಸನ್ನು ಮಕ್ಕಳಿಗೆ ಆಡಲು ಕೊಡಿ.

ರಾತ್ರಿ ಹೊರಗೆ ಹೋದಾಗ 25ರಿಂದಲೇ ಶುರುಮಾಡಿ. ಶನಿಯನ್ನು ನಡುಮಧ್ಯಕ್ಕೆ ತಂದು, ಆಮೇಲೆ 10 ಹಾಕಿ, ಫೋಕಸ್ ಸರಿಪಡಿಸಿ. ಜಾರಿ ಹೋಯಿತೇ? ಮತ್ತೆ 25 ಹಾಕಿ.