ಬೀಗ ಹಾಕಿದ ಮನೆಯ ಮಕ್ಕಳು

ದೇವದುರ್ಗ ತಾಲೂಕಿನ ಒಂದು ಊರಲ್ಲಿ ಫೆಬ್ರವರಿಯಲ್ಲಿ ಲಸಿಕೆ ಸರ್ವೆ ಮಾಡಿಸಿದ್ದೆ. ಒಂದರಿಂದ ಎರಡು ವರ್ಷದ ಮಕ್ಕಳಿರುವ ಮನೆಗೆ ಹೋಗಬೇಕು, ಲಸಿಕೆ ಬರೆದಿಡುವ ‘ತಾಯಿ ಕಾರ್ಡ್’ ನೋಡಬೇಕು, ದಡಾರ-ರುಬೆಲ್ಲಾ ಮೊದಲ ಡೋಸ್ ಆಗಿದೆಯಾ ಅಂತ ಬರೆದುಕೊಳ್ಳಬೇಕು. ಅದು 9 ತಿಂಗಳು ತುಂಬಿದ ಮೇಲೆ ಹಾಕಿಸುವ ಲಸಿಕೆ. 24 ಮಕ್ಕಳು ಸಿಕ್ಕರು, 22 ಮಕ್ಕಳಿಗೆ ಆಗಿತ್ತು. ಶೇಕಡಾ 92. ಖುಷಿಯಾಗಿ ಚಾರ್ಟ್ ಬರೆದುಕೊಂಡು ಊರವರಿಗೆ ತೋರಿಸಲು ಹೋದೆ.

ಅಂಗನವಾಡಿ ಮುಂದೆ ಹೆಂಗಸರು ಕೂತಿದ್ದರು. ಚಾರ್ಟ್ ನೋಡಿ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಜ್ಜಿ, "ನಮ್ ಓಣ್ಯಾಗ ಎಷ್ಟ್ ಮನಿಗೆ ಬಂದಿದ್ರಿ ಮೇಡಂ?" ಅಂತ ಕೇಳಿದರು. ಪಟ್ಟಿ ನೋಡಿದೆ. ಎರಡೇ ಮನೆ. ಉಳಿದವಕ್ಕೆಲ್ಲ ಬೀಗ, ಗುಳೆ ಹೋಗಿದ್ದರು. ಬೀಗ ಇದ್ದರೆ ಮುಂದಿನ ಮನೆಗೆ ಹೋಗಿ ಅಂತ ಸರ್ವೆ ಹುಡುಗಿಯರಿಗೆ ಹೇಳಿದವಳು ನಾನೇ.

"ಬೀಗ ಹಾಕಿದ್ರ ಏನಾತ್ರಿ, ಅವು ನಮ್ಮೂರ ಮಕ್ಳಲ್ಲೇನು?"

ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಮುಂಗಾರಿಗೆ ಬರುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಪಲ್ಸ್ ಪೋಲಿಯೊದಲ್ಲಿ ಬೀಗದ ಮನೆಗೆ ಎಕ್ಸ್ ಗುರುತು ಹಾಕಿ ಮತ್ತೆ ಹೋಗುತ್ತಾರೆ, ಅದೂ ನನಗೆ ಗೊತ್ತಿತ್ತು. ಆದರೂ ಬಿಟ್ಟಿದ್ದೆ. ಶೇಕಡಾ ಲೆಕ್ಕದಲ್ಲಿ ಎಲ್ಲರ ಕಣ್ಣು ಮೇಲಿನ ಸಂಖ್ಯೆ ಮೇಲೆ. ಕೆಳಗಿನ ಛೇದದಲ್ಲಿ ಯಾರ್‍ಯಾರು ಇದ್ದಾರೆ ಅಂತ ನಾವು ಕೇಳುವುದೇ ಇಲ್ಲ. ಅಜ್ಜಿ ಕೇಳಿದ್ದು ಅದನ್ನೇ.

ಮಾರನೇ ವಾರ ಚಾರ್ಟ್ ಒಯ್ಯಲಿಲ್ಲ. ಆಶಾ ಕಾರ್ಯಕರ್ತೆ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಊರಿನ ಓಣಿಗಳನ್ನು ಬರೆದರು. ಒಂದು ಮಗುವಿಗೆ ಒಂದು ಹುಣಸೆ ಬೀಜ. ಮನೆಯಲ್ಲಿರಲಿ, ಗುಳೆ ಹೋಗಿರಲಿ, ಬೀಜ ಇಡಬೇಕು. ಲಸಿಕೆ ಆದ ಬೀಜಕ್ಕೆ ಏನು ಗುರುತು ಅಂತ ಯೋಚಿಸುವಷ್ಟರಲ್ಲಿ ಅಜ್ಜಿ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಿಂದ ಒಂದು ಬೀಜಕ್ಕೆ ಬಿಳಿ ಚುಕ್ಕೆ ಇಟ್ಟೇಬಿಟ್ಟರು. ಗುಳೆ ಹೋದ ತಾಯಂದಿರಿಗೆ ಅಲ್ಲಿಂದಲೇ ಫೋನ್ ಮಾಡಿದೆವು. ಯಾರ ಮಗು, ಯಾರ ನಂಬರ್ ಅನ್ನುವುದನ್ನು ನಮಗಿಂತ ಬೇಗ ಅಲ್ಲಿ ಕೂತ ಹೆಂಗಸರೇ ಹೇಳುತ್ತಿದ್ದರು.

ಬೀಜ 35 ಆದವು. ಚುಕ್ಕೆ ಇದ್ದದ್ದು 25ಕ್ಕೆ. ಶೇಕಡಾ 71. ಹೊಸದಾಗಿ ಲೆಕ್ಕಕ್ಕೆ ಬಂದ 11 ಮಕ್ಕಳಲ್ಲಿ ಮೂವರಿಗಷ್ಟೇ ಲಸಿಕೆ ಆಗಿತ್ತು. ಚುಕ್ಕೆ ಇಲ್ಲದ ಬೀಜ ಹೆಚ್ಚು ಬಿದ್ದದ್ದು ಅಜ್ಜಿಯ ಓಣಿಯಲ್ಲೇ. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಕಾರಣವೂ ಅಲ್ಲೇ ಸಿಕ್ಕಿತು. ತಾಯಿ ಕಾರ್ಡ್ ಊರಲ್ಲೇ ಟ್ರಂಕಿನಲ್ಲಿದೆ, ಕಾರ್ಡಿಲ್ಲದೆ ಹೋದರೆ ಬೈತಾರೇನೋ ಅಂತ ತಾಯಂದಿರು ಅಲ್ಲಿನ ಆಸ್ಪತ್ರೆಗೆ ಹೋಗಿರಲಿಲ್ಲ. ನಮ್ಮ ಫಾರ್ಮಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕೂತಲ್ಲೇ ಟ್ರಂಕು ತೆಗೆಸಿ, ಕಾರ್ಡಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆವು.

ಎಲ್ಲದಕ್ಕೂ ಇದೇ ದಾರಿ ಸರಿಯಲ್ಲ. ಗರ್ಭಿಣಿಯರ ಹಿಮೋಗ್ಲೋಬಿನ್ನನ್ನೂ ಹೀಗೇ ಬೀಜ ಇಟ್ಟು ನೋಡೋಣ ಅಂದೆ. ಆಶಾ ತಡೆದರು. ಯಾವ ಬೀಜ ಯಾರದು ಅಂತ ಊರಿಗೆಲ್ಲ ಗೊತ್ತಾಗುತ್ತದೆ, ಸೊಸೆಯಂದಿರಿಗೆ ಮನೆಯಲ್ಲಿ ಮಾತು ಬರುತ್ತದೆ ಅಂದರು. ಅವರ ಮಾತೇ ಸರಿ. ಆ ಲೆಕ್ಕವನ್ನು ಒಬ್ಬೊಬ್ಬರ ಹತ್ತಿರ ಕೂತೇ ಮಾಡಿದೆವು, ಊರಿಗೆ ಒಟ್ಟು ಸಂಖ್ಯೆ ಮಾತ್ರ ಹೇಳಿದೆವು.

ವರದಿಯಲ್ಲಿ 92, 71 ಎರಡನ್ನೂ ಬರೆದೆ. ಯಾವುದು ಸರಿ ಅಂತ ಮೇಲಿನವರು ಕೇಳಿದರು. ಎರಡೂ ಸರಿ, ಯಾರನ್ನು ಬಿಟ್ಟು ಎಣಿಸಿದ್ದು ಅನ್ನುವುದನ್ನು ಪಕ್ಕದಲ್ಲೇ ಬರೆದಿದ್ದೇನೆ ಅಂದೆ. ಈಗ ಫಾರ್ಮಿನಲ್ಲಿ ಒಂದು ಸಾಲು ಜಾಸ್ತಿ ಇದೆ: ಬೀಗದ ಮನೆಯಲ್ಲಿ ಮಕ್ಕಳೆಷ್ಟು, ಈಗ ಎಲ್ಲಿದ್ದಾರೆ? ಪಕ್ಕದ ಮನೆಯವರನ್ನು ಕೇಳಿ ತುಂಬಬೇಕು. ಆಶಾ ಬೇರೆ ಒಂದು ನೋಟ್‌ಬುಕ್ ಮಾಡಿದ್ದಾರೆ. ಗುಳೆ ಹೊರಡುವವರ ಹೆಸರು, ಹೋಗುವ ಊರು, ಮುಂದಿನ ಡೋಸಿನ ತಾರೀಕು. ಬಸ್ ಹತ್ತುವ ಮುಂಚೆ ಅಜ್ಜಿಯೇ ಓಣಿಯವರನ್ನು ಕರೆದುಕೊಂಡು ಬಂದು ಬರೆಸುತ್ತಾರೆ.