ಮೂಲೆಯಲ್ಲಿ ಬೀಳುವ ಟ್ರೈ ಶುರುವಾಗೋದು ನಡುವೆ

ಪಶ್ಚಿಮ ಸಿಡ್ನಿಯ ಒಂದು ಹವ್ಯಾಸಿ ರಗ್ಬಿ ಲೀಗ್ ತಂಡಕ್ಕೆ ನಾನು ಡಿಫೆನ್ಸ್ ಕೋಚ್. ಊರಲ್ಲಿ ಕಬಡ್ಡಿ ಆಡಿ ಬೆಳೆದವನು, ಇಲ್ಲಿಗೆ ಬಂದ ಮೇಲೆ ಈ ಆಟ ಹಿಡಿಸಿತು. ನಾನು ಸೇರಿದಾಗ ತಂಡ ಪಟ್ಟಿಯ ಕೊನೆಯಲ್ಲಿತ್ತು. ಹುಡುಗರೇನೂ ಸಾಮಾನ್ಯದವರಲ್ಲ. ಟೊಂಗಾ, ಸಮೋವಾ, ಲೆಬನಾನ್ ಮೂಲದವರೇ ಜಾಸ್ತಿ, ಒಬ್ಬೊಬ್ಬರ ಮೈಕಟ್ಟು ನೋಡಿದರೆ ಇವರು ಸೋಲ್ತಾರೆ ಅಂದ್ರೆ ನಂಬೋಕಾಗಲ್ಲ. "ಟ್ಯಾಕಲ್ ಸರಿಯಿಲ್ಲ", ಅಂದರೆ ಚೆಂಡು ಹಿಡಿದು ಓಡುವವನನ್ನು ಹಿಡಿದು ನಿಲ್ಲಿಸೋದು ಸರಿಯಿಲ್ಲ, ಅಂತ ಎಲ್ಲರೂ ಹೇಳುತ್ತಿದ್ದರು. ಹಳೆ ಮ್ಯಾಚ್‌ಗಳ ವಿಡಿಯೋ ಹಾಕಿಕೊಂಡು ಕೂತೆ. ಟ್ಯಾಕಲ್ ಚೆನ್ನಾಗೇ ಇತ್ತು. ತೊಂದರೆ ಇದ್ದದ್ದು ಟ್ಯಾಕಲ್ ಆದ ಮೇಲೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ರಗ್ಬಿ ಲೀಗ್‌ನಲ್ಲಿ ಒಂದು ಕಡೆ 13 ಜನ. ಎದುರಾಳಿಯ ಗೋಲ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, ಪಾಯಿಂಟ್ ಸಿಗುತ್ತೆ. ಚೆಂಡು ಇರುವವರಿಗೆ 6 ಟ್ಯಾಕಲ್‌ಗಳ ಅವಕಾಶ. ಪ್ರತಿ ಸಲ ಸಿಕ್ಕಿಬಿದ್ದವನು ಎದ್ದು, ಚೆಂಡನ್ನು ಕಾಲಲ್ಲಿ ಹಿಂದಕ್ಕೆ ಉರುಳಿಸುತ್ತಾನೆ. ಅಷ್ಟರಲ್ಲಿ ಎದುರಾಳಿಗಳಲ್ಲಿ ಅವನ ಎದುರಿಗೇ ನಿಲ್ಲುವ ಇಬ್ಬರು (ಮಾರ್ಕರ್) ಬಿಟ್ಟು ಉಳಿದವರೆಲ್ಲ 10 ಮೀಟರ್ ಹಿಂದೆ ಸರಿದಿರಬೇಕು. ನಮ್ಮವರು ಟ್ಯಾಕಲ್ ಮಾಡಿ, ಬೆನ್ನು ತಿರುಗಿಸಿ, ಸುಮ್ನೆ ನಡೆದುಕೊಂಡು ಹೋಗ್ತಿದ್ರು. ಕೆಲವರು 10 ಮೀಟರ್‌ನಲ್ಲಿ, ಕೆಲವರು ಇನ್ನೂ ದಾರಿಯಲ್ಲಿ, ತಡೆಯೋಕೆ ಅಡ್ಡಲಾಗಿ ನಿಲ್ಲುವ ಸಾಲು, ಅಂದರೆ ಲೈನ್, ಪೂರ್ತಿ ಅಂಕುಡೊಂಕು. ಎದುರಾಳಿ ಹುಡುಕೋದೇ ತಡವಾಗಿ ಎದ್ದ ನಮ್ಮ ದಪ್ಪನೆಯ ಪ್ರಾಪ್‌ನ (ನಡುವೆ ಆಡುವ ಭಾರಿ ಆಟಗಾರ) ಪಕ್ಕದ ಜಾಗವನ್ನ.

ಹಾಗಾಗಿ ಡಿಕ್ಕಿ ಹೊಡೆಯುವ ಅಭ್ಯಾಸ ಕಡಿಮೆ ಮಾಡಿಸಿ, ಏಳುವ ಅಭ್ಯಾಸ ಜಾಸ್ತಿ ಮಾಡಿಸಿದೆ. ಎಲ್ಲರೂ ಎದೆ ಮೇಲೆ ಮಲಗಬೇಕು. ಸೀಟಿ ಊದಿದ ಕೂಡಲೇ ಎದ್ದು, ಚೆಂಡಿನ ಮೇಲೆ ಕಣ್ಣಿಟ್ಟೇ 10 ಮೀಟರ್ ಹಿಂದೆ ಓಡಿ, ಸಾಲಾಗಿ ನಿಂತು, ಒಟ್ಟಿಗೆ ಮುಂದೆ ನುಗ್ಗಬೇಕು. ಹೀಗೆ 6 ಸಲ, ಆಮೇಲೆ ಉಸಿರಾಡೋಕೆ ಬಿಡುವು. ಒಬ್ಬನೇ ಮುಂದೆ ಹಾರಿದರೆ ಮೊದಲಿಂದ ಶುರು. "ಕೋಚ್, ಹೊಡೆಯೋದು ಯಾವಾಗ?" ಅಂತ ಕೇಳುತ್ತಿದ್ದರು. ಹೊಡೆಯೋಕೆ ಅವರಿಗೆ ಯಾರೂ ಕಲಿಸಬೇಕಿಲ್ಲ, ನಿಜ ಹೇಳಬೇಕಂದ್ರೆ.

ಇದರ ಜೊತೆ ಟ್ಯಾಕಲ್‌ನಲ್ಲೂ ಒಂದು ಬದಲಾವಣೆ ಮಾಡಿದೆವು. ಮೊದಲು ಹೋದವನು ಕಾಲಿಗೆ, ಎರಡನೆಯವನು ಚೆಂಡಿಗೆ. ಚೆಂಡು ಕಟ್ಟಿಹಾಕಿದರೆ ಸಿಕ್ಕಿಬಿದ್ದವನು ಏಳೋದು ನಿಧಾನವಾಗುತ್ತೆ, ನಮ್ಮ ಲೈನ್ ಕಟ್ಟೋಕೆ ಸಮಯ ಸಿಗುತ್ತೆ. ಜಾಸ್ತಿ ಹೊತ್ತು ಅದುಮಿ ಹಿಡಿದರೆ ಮಾತ್ರ ರೆಫರಿ ಬಿಡಲ್ಲ.

ಇನ್ನು ಮೂಲೆಗಳ ವಿಷಯ. ನಮ್ಮ ಎಡಗಡೆಯ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ನಿಲ್ಲುವವನ ಮೇಲೆ ಎಲ್ಲರಿಗೂ ಸಿಟ್ಟಿತ್ತು. ತನ್ನ ಜಾಗ ಬಿಟ್ಟು ಒಳಗೆ ನುಗ್ತಾನೆ, ಚೆಂಡು ಅವನ ತಲೆ ಮೇಲಿಂದ ದಾಟಿ ಆಚೆಯವನಿಗೆ ಸಿಗುತ್ತೆ, ಮೂಲೆಯಲ್ಲಿ ಟ್ರೈ. ಕಬಡ್ಡಿಯಲ್ಲಿ ಕವರ್ ಬರುವ ಮೊದಲೇ ಕಾರ್ನರ್ ಒಬ್ಬನೇ ರೈಡರ್ ಕಾಲಿಗೆ ಹಾರಿದ ಹಾಗೆ. ಆದರೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದರೆ, ಅವನ ಎದುರಿಗೆ ಇಬ್ಬರು ಇದ್ದರು. ಅವನ ಪಕ್ಕ ಒಳಗಡೆ ನಿಲ್ಲುವ ಸೆಂಟರ್ ಹೊರಕ್ಕೆ ಸರಿದಿರಲಿಲ್ಲ, ಯಾಕಂದ್ರೆ ಅವನ ಒಳಗಿನವನು ಬಂದಿರಲಿಲ್ಲ, ಯಾಕಂದ್ರೆ ನಡುವಿನ ಫಾರ್ವರ್ಡ್‌ಗಳು ಇನ್ನೂ ಹಿಂದಕ್ಕೆ ನಡೀತಾ ಇದ್ದರು! ಅದಕ್ಕೇ ವಿಂಗರ್‌ಗೆ ಏನೂ ಹೇಳದೆ ಒಳಗಿನ ಮೂವರನ್ನು ಹಿಡಿದುಕೊಂಡೆ. ಚೆಂಡು ತಮ್ಮನ್ನು ದಾಟಿ ಹೋದ ತಕ್ಷಣ ಒಳಗಿನಿಂದ ಹೊರಕ್ಕೆ ತಳ್ಳಿಕೊಂಡು ಬರಬೇಕು, "ನನ್ನವನು, ನನ್ನವನು" ಅಂತ ಕೂಗುತ್ತಲೇ ಇರಬೇಕು. ಸುಸ್ತಾದಾಗ ಮೊದಲು ನಿಲ್ಲೋದು ಬಾಯಿ. ಬಾಯಿ ನಿಂತರೆ ಲೈನ್ ಒಡೆಯಿತು ಅಂತಲೇ ಲೆಕ್ಕ.

ನಮ್ಮ ಪಕ್ಕದ ಪೆನ್ರಿತ್ ತಂಡ 2021ರಿಂದ 2024ರವರೆಗೆ ಸತತ ನಾಲ್ಕು ಸಲ ಇಲ್ಲಿನ ಅತಿ ದೊಡ್ಡ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್ ಗೆದ್ದಿತು. 2021ರ ಫೈನಲ್ 14-12. ಆ ಮ್ಯಾಚ್ ಹಾಕಿ, ಚೆಂಡನ್ನ ನೋಡಬೇಡಿ, ಪೆನ್ರಿತ್‌ನವರು ಹಿಂದಕ್ಕೆ ಓಡೋದನ್ನ ಮಾತ್ರ ನೋಡಿ ಅಂದೆ. ಹುಡುಗರಿಗೆ ಕೆಲವೇ ನಿಮಿಷದಲ್ಲಿ ವಿಷಯ ಅರ್ಥವಾಯಿತು.

ಸೀಸನ್‌ನ ಎರಡನೇ ಅರ್ಧದಲ್ಲಿ ನಮ್ಮ ಮೇಲೆ ಬೀಳುವ ಪಾಯಿಂಟ್ ಕಡಿಮೆಯಾಯಿತು, ಗೆಲುವೂ ಬಂತು. ವಿಂಗರ್ ಈಗ ತನ್ನ ಜಾಗದಲ್ಲೇ ನಿಲ್ತಾನೆ, ಒಳಗೆ ನುಗ್ಗುವ ಅಗತ್ಯವೇ ಅವನಿಗೆ ಕಾಣಲ್ಲ. ಕಿಕ್ ಹೊಡೆದಾಗ ಹಿಂದೆ ಓಡುವ ಸಾಲು ಇನ್ನೂ ಹರಕಲು. ಮುಂದಿನ ಸೀಸನ್ ತಯಾರಿ ಅಲ್ಲಿಂದಲೇ ಶುರು ಮಾಡ್ತೀವಿ.